ಮುಂದೆ ಕಟ್ಟಲಿರುವ ಕೋಣೆ

ಬನ್ನೇರುಘಟ್ಟ ರಸ್ತೆಯ ಗದ್ದಲ ದಾಟಿ ಐಐಎಂ ಆವರಣದೊಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ಕಲ್ಲು. ಒರಟಾಗಿ ಕಡಿದ ಬೂದುಗಲ್ಲಿನ ಗೋಡೆಗಳು, ಅವುಗಳ ನಡುವೆ ಗಿಲಾವು ಕಾಣದ ಕಾಂಕ್ರೀಟಿನ ಕಂಬ ತೊಲೆಗಳು. ಮುಂದಕ್ಕೆ ಉದ್ದನೆಯ, ಬಹಳ ಎತ್ತರದ ಪಡಸಾಲೆ. ತಲೆಯ ಮೇಲೆ ಒಂದೆಡೆ ಚಾವಣಿ, ಇನ್ನೊಂದೆಡೆ ಬರಿಯ ತೊಲೆಗಳ ಚೌಕಟ್ಟು, ಅದರಾಚೆ ಬರೀ ಆಕಾಶ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಬಿಸಿಲು, ನೆರಳು, ಮತ್ತೆ ಬಿಸಿಲು. ತೊಲೆಗಳ ನೆರಳು ಗೋಡೆಯಿಂದಿಳಿದು ನೆಲದ ಮೇಲೆ ಪಟ್ಟೆಪಟ್ಟೆಯಾಗಿ ಮಲಗಿರುತ್ತದೆ. ಗಿಡಬಳ್ಳಿಗಳ ಹಸಿರು ಕಲ್ಲಿನ ಬಿರುಸನ್ನು ಅಲ್ಲಲ್ಲಿ ಮರೆಸುತ್ತದೆ. ‘ತ್ರೀ ಇಡಿಯಟ್ಸ್’ ಸಿನಿಮಾ ನೋಡಿದವರಿಗೆ ಈ ಓಣಿಗಳು ಹೊಸತಲ್ಲ.

ಅನುಮತಿ ಪಡೆದು ಸ್ಕೆಚ್ ಪುಸ್ತಕ ಹಿಡಿದು ಕೂತಾಗ ನನ್ನ ಗಮನ ನಿಂತದ್ದು ಪಡಸಾಲೆಯ ಅಗಲದ ಮೇಲೆ. ತರಗತಿಯಿಂದ ತರಗತಿಗೆ ಹೋಗುವುದಕ್ಕಷ್ಟೇ ಆಗಿದ್ದರೆ ಇಷ್ಟು ಜಾಗ ಬೇಕಿರಲಿಲ್ಲ. ಇಬ್ಬರು ಹುಡುಗಿಯರು ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ವಾದ ಮಾಡುತ್ತಿದ್ದರು. ತೋಟದ ಕೆಲಸದವರೊಬ್ಬರು ಕಲ್ಲಿನ ಅಂಚಿನ ಮೇಲೆ ಬುತ್ತಿ ಬಿಚ್ಚಿದ್ದರು. ಪಾಠ ನಾಲ್ಕು ಗೋಡೆಗಳ ಒಳಗಷ್ಟೇ ನಡೆಯುವುದಿಲ್ಲ ಎಂದು ಇದರ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ನಂಬಿದ್ದರು. 1970ರ ದಶಕದ ಕೊನೆಯಲ್ಲಿ ಈ ಕ್ಯಾಂಪಸ್ಸಿಗೆ ರೂಪ ಕೊಡುವಾಗ ಅವರ ಮನಸ್ಸಿನಲ್ಲಿದ್ದದ್ದು ಫತೇಪುರ್ ಸಿಕ್ರಿಯ ಅಂಗಳಗಳು, ದಕ್ಷಿಣದ ದೇವಾಲಯಗಳ ಪ್ರಾಕಾರಗಳು. ಹೊರಗೆ ಕೂತು ಮಾತಾಡಲು ಬಿಡುವ ಬೆಂಗಳೂರಿನ ಹವೆಯೂ ಅವರ ಲೆಕ್ಕದಲ್ಲಿತ್ತು. ಆಗ ನೆಟ್ಟ ಸಸಿಗಳು ಮರವಾಗಿ ಇವತ್ತು ನೆರಳು ಕೊಡುತ್ತಿವೆ. ನಕ್ಷೆ ಬರೆದ ಕೈಗೆ ಆ ನೆರಳು ಆಗಲೇ ಕಂಡಿದ್ದಿರಬೇಕು.

ನಾನು ಆರಿಸಿಕೊಂಡ ಆರ್ಕಿಟೆಕ್ಚರ್ ಐದು ವರ್ಷದ ಓದು. ಮೊದಲ ವರ್ಷ ಸನ್‌ಬೋರ್ಡ್ ಕತ್ತರಿಸುತ್ತ, ಫೆವಿಕಾಲ್ ಮೆತ್ತಿದ ಬೆರಳುಗಳಲ್ಲೇ ನಿದ್ದೆ ಹೋಗುತ್ತ ಕಳೆಯುತ್ತದೆ. ಸಬ್‌ಮಿಷನ್ನಿನ ಹಿಂದಿನ ರಾತ್ರಿ ಸ್ಟುಡಿಯೋದಲ್ಲಿ ಟ್ಯೂಬ್‌ಲೈಟ್ ಆರುವುದೇ ಇಲ್ಲ. ಆಗ ನಮ್ಮನ್ನು ಎಬ್ಬಿಸಿ ಕೂರಿಸುವುದು ಜ್ಯೂರಿಯ ಭಯ, ಪಕ್ಕದವರ ಮಾಡೆಲ್ಲಿನ ಅಂದ, ಅಂಕ. ಈ ಮೂರರಲ್ಲಿ ಯಾವುದೂ ಕೊನೆಯ ವರ್ಷದವರೆಗೆ ಕೈ ಹಿಡಿಯುವುದಿಲ್ಲ. ಥೀಸಿಸ್ ಹೊತ್ತಿಗೆ ಎಷ್ಟೋ ಮಂದಿ ಬಳಲಿಹೋಗಿರುತ್ತಾರೆ. ನನ್ನೊಳಗೆ ಹುಮ್ಮಸ್ಸು ಮತ್ತೆ ಹುಟ್ಟಿದ್ದು ಅದೇ ದೋಶಿಯವರ ಇನ್ನೊಂದು ಕೆಲಸವನ್ನು ಓದಿದಾಗ.

ಇಂದೋರಿನ ಅರಣ್ಯ ಬಡಾವಣೆ ಸುಮಾರು 85 ಹೆಕ್ಟೇರ್ ನೆಲದಲ್ಲಿ ಹರಡಿದೆ. ಕಡಿಮೆ ಆದಾಯದವರಿಗೆಂದು ಯೋಜಿಸಿದ್ದು. ಅಲ್ಲಿ ಬಡ ಕುಟುಂಬಕ್ಕೆ ಪೂರ್ತಿ ಮನೆ ಕಟ್ಟಿಕೊಡಲಿಲ್ಲ. ನಿವೇಶನ, ಅದರಲ್ಲೊಂದು ತಳಪಾಯ, ನೀರು, ಶೌಚಾಲಯ, ಒಂದು ಕೋಣೆ, ಇಷ್ಟರಿಂದ ಶುರು. ಉಳಿದದ್ದನ್ನು ಮನೆಯವರೇ ದುಡ್ಡು ಕೂಡಿದಂತೆ ಕಟ್ಟಿಕೊಳ್ಳಬೇಕು. ಹೇಗೆ ಬೆಳೆಸಬಹುದೆಂದು ತೋರಿಸಲು ಎಂಬತ್ತು ಮಾದರಿ ಮನೆಗಳನ್ನು ದೋಶಿ ಕಟ್ಟಿಸಿದರು. ಹೊರಮೆಟ್ಟಿಲು, ಬಾಲ್ಕನಿ, ಬಾಗಿಲ ಮುಂದಿನ ಕಟ್ಟೆ ಇವುಗಳನ್ನು ಬೇಕಾದಂತೆ ಜೋಡಿಸಿಕೊಳ್ಳಬಹುದಿತ್ತು. 1995ರಲ್ಲಿ ಅದಕ್ಕೆ ಆಗಾ ಖಾನ್ ಪ್ರಶಸ್ತಿ ಬಂತು. 2018ರಲ್ಲಿ ದೋಶಿಯವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗಲೂ ಅರಣ್ಯದ ಹೆಸರು ಮುಂದೆ ಬಂತು. 2023ರಲ್ಲಿ ಅವರು ತೀರಿಕೊಂಡರು. ಆ ಮನೆಗಳು ಇನ್ನೂ ಬೆಳೆಯುತ್ತಿವೆ, ಬದಲಾಗುತ್ತಿವೆ.

ಇದನ್ನು ಓದಿದ ಮೇಲೆ ನಮ್ಮೂರಿನ ತಾರಸಿಗಳು ಬೇರೆಯಾಗಿ ಕಾಣತೊಡಗಿದವು. ಮೈಸೂರು ರಸ್ತೆಯ ಯಾವುದೇ ಬಡಾವಣೆಯಲ್ಲಿ ತಾರಸಿ ಹತ್ತಿ ನೋಡಿ. ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ, ಅವುಗಳ ನಡುವೆ ಕಂಬಗಳ ನೆತ್ತಿಯಿಂದ ಚಾಚಿ ನಿಂತ ಕಬ್ಬಿಣದ ಕಂಬಿಗಳು. ನಗರದ ಅಂದ ಕೆಡಿಸುವ ಅರೆಬರೆ ಕೆಲಸವೆಂದು ಇವನ್ನು ಹಳಿಯುವವರು ಬಹಳ. ನನಗೆ ಹಾಗನಿಸುವುದಿಲ್ಲ. ಮಗನಿಗೆ ಮದುವೆಯಾದರೆ ಮೇಲೊಂದು ಮನೆ, ಬಾಡಿಗೆಗೆ ಕೊಟ್ಟರೆ ಮುಪ್ಪಿಗೆ ಆಸರೆ ಎಂದು ಲೆಕ್ಕ ಹಾಕಿದವರು ಬಿಟ್ಟ ಕಂಬಿಗಳವು. ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತದೆ ಅವರು ಭವಿಷ್ಯಕ್ಕೆ ನಕ್ಷೆ ಬರೆದಿದ್ದಾರೆ. ನಮ್ಮಂಥವರು ಅವರ ಬಳಿ ಹೋಗದಿರುವುದೇ ಕೊರತೆ. ಬಿಟ್ಟ ಕಂಬಿ ಮಳೆಗೆ ತುಕ್ಕು ಹಿಡಿಯುತ್ತದೆ, ಸಿಮೆಂಟ್ ಹಾಲು ಬಳಿದು ತೆಳು ಕಾಂಕ್ರೀಟಿನಲ್ಲಿ ಮುಚ್ಚಿಟ್ಟರೆ ಉಳಿಯುತ್ತದೆ. ಮೇಲಂತಸ್ತಿನ ಭಾರ ಪಾಯಕ್ಕೆ ಮೊದಲೇ ಗೊತ್ತಿರಬೇಕು. ಮಹಡಿ ಮೆಟ್ಟಿಲು ಮೊದಲ ದಿನವೇ ಸರಿಯಾದ ಜಾಗದಲ್ಲಿದ್ದರೆ ಮುಂದೆ ಕೆಳಗಿನ ಕೋಣೆ ಕತ್ತಲಾಗುವುದಿಲ್ಲ. ಇಷ್ಟನ್ನು ಹೇಳಲು ಒಬ್ಬ ಆರ್ಕಿಟೆಕ್ಟ್ ಸಾಕು, ಆದರೆ ಆ ಮನೆಯವರ ಹತ್ತಿರ ಅಂಥವರು ಯಾರೂ ಇರುವುದಿಲ್ಲ.

ಹಾಗಾಗಿ ನನ್ನ ಥೀಸಿಸ್ಸಿಗೆ ಗಾರ್ಮೆಂಟ್ಸ್ ಕೆಲಸದವರ ಮನೆಗಳನ್ನು ಆರಿಸಿಕೊಂಡೆ. ಗೋಡೆಗೆ ಮಣ್ಣಿನ ಇಟ್ಟಿಗೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಈ ಇಟ್ಟಿಗೆಗಾಗಿ ವರ್ಷಗಟ್ಟಲೆ ದುಡಿದಿದೆ. ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ, ಅಚ್ಚಿನಲ್ಲಿ ಒತ್ತಿ, ನೀರುಣಿಸಿ ಗಟ್ಟಿ ಮಾಡುತ್ತಾರೆ. ಸುಡುವ ಗೂಡೇ ಬೇಡ. ಕೋಣೆಯೊಂದನ್ನು ಐದಾರು ವರ್ಷ ಬಿಟ್ಟು ಸೇರಿಸುವವರಿಗೆ ಬೇಕಾದಷ್ಟೇ ಇಟ್ಟಿಗೆ ಮಾಡಿಕೊಳ್ಳುವ ಅನುಕೂಲವೂ ಇದೆ.

ಬಿಸಿಲಿನ ಪಾಠವನ್ನು ಈ ಊರಿಗೆ ತಕ್ಕಂತೆ ಕಲಿಯಬೇಕಾಯಿತು. ಉತ್ತರದ ಗೋಡೆಗೆ ಬಿಸಿಲೇ ಬೀಳದೆಂಬುದು ದೂರದ ಚಳಿ ದೇಶಗಳ ಮಾತು. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಆಸುಪಾಸು ಸೂರ್ಯ ನೆತ್ತಿಯ ನೇರಕ್ಕೆ ಬಂದು ನೆಟ್ಟ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಜೂನ್ ನಡುಹಗಲಲ್ಲಿ ಅವನು ಉತ್ತರಕ್ಕೇ ವಾಲಿರುತ್ತಾನೆ. ಪಡುವಣ ಗೋಡೆಯಂತೂ ಬೇಸಿಗೆಯ ಸಂಜೆಗಳಲ್ಲಿ ಕಾದ ಹಂಚು. ಆದ್ದರಿಂದ ಬಚ್ಚಲು, ಮೆಟ್ಟಿಲು ಪಡುವಣಕ್ಕೆ ಹೋದವು, ಮಲಗುವ ಜಾಗ ಮೂಡಣಕ್ಕೆ ಬಂತು. ಇಂದು ಕಟ್ಟುವ ಗೋಡೆಗೆ ದಪ್ಪ ಗೆರೆ, ಮುಂದೆ ಕಟ್ಟಬಹುದಾದ್ದಕ್ಕೆ ಚುಕ್ಕಿಗೆರೆ ಹಾಕಿದೆ.

ಆ ಹಾಳೆಯನ್ನು ಹೊಲಿಗೆ ಕೆಲಸದ ಅಕ್ಕ ಒಬ್ಬರ ಮುಂದೆ, ಅವರ ಬಾಡಿಗೆ ಕೋಣೆಯ ನೆಲದ ಮೇಲೆ ಹರಡಿದೆ. ಶಿಫ್ಟ್ ಮುಗಿಸಿ ಬಂದಿದ್ದರು. ಒಲೆಯ ಮೇಲೆ ಅನ್ನ ಬೇಯುತ್ತಿತ್ತು. ನಕ್ಷೆ ಓದಲು ಅವರಿಗೆ ಕ್ಷಣ ಹೊತ್ತೂ ಹಿಡಿಯಲಿಲ್ಲ. ಚುಕ್ಕಿಗೆರೆಯೊಳಗೆ ಬೆರಳಿಟ್ಟು, “ಇದು ನನ್ನ ಮಗಳ ರೂಮು ಅಲ್ವೇನಪ್ಪ?” ಎಂದರು.

“ಹೌದಕ್ಕ, ಯಾವಾಗ ಬೇಕೋ ಆವಾಗ ಕಟ್ಕೊಬಹುದು.”

“ಹಂಗಾದ್ರೆ ಕಿಟಕಿ ಇತ್ಲಾಗೆ ಬೇಡ. ಬೀದಿ ನಲ್ಲಿ ಇತ್ಲಾಗೇ ತಾನೆ? ನೀರು ಬಿಟ್ಟಾಗ ಜನ ನಿಂತಿರ್ತಾರೆ, ಅವಳು ಓದೋದು ಹೆಂಗೆ? ಆ ಕಡೆ ಇಡು. ಟೇಬಲ್ ಹಿಡಿಯೋ ಅಷ್ಟು ಜಾಗಾನೂ ಬಿಡು.”

ಪೆನ್ಸಿಲ್ ತೆಗೆದು ಅಲ್ಲೇ ಕಿಟಕಿಯನ್ನು ಮೂಡಣಕ್ಕೆ ಸರಿಸಿದೆ. ಟೇಬಲ್ ಎಷ್ಟು ಉದ್ದ ಬೇಕೆಂದು ಅವರು ಮಗಳನ್ನೇ ಕೂಗಿ ಕರೆದರು.