ಎಳೆಯ ಮೈಯಲ್ಲಿ ಉಳಿಯುವ ಒತ್ತಡ

ಒತ್ತಡ ಬಂದಾಗ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಸುರಿಸುತ್ತದೆ. ಅದು ಶತ್ರುವಲ್ಲ, ರಕ್ತಕ್ಕೆ ಸಕ್ಕರೆ ಒದಗಿಸಿ, ಉರಿಯೂತವನ್ನು ಹದ್ದುಬಸ್ತಿನಲ್ಲಿಟ್ಟು ಮೈ ಕಾಯುತ್ತದೆ. ಕೆಲಸ ಮುಗಿದ ಮೇಲೆ ಮಿದುಳಿನ ಹಿಪೊಕ್ಯಾಂಪಸ್ ಅದನ್ನು ಗುರುತಿಸಿ ‘ಸಾಕು’ ಎನ್ನಬೇಕು. ಹಾಗೆನ್ನುವ ಶಕ್ತಿ ಹುಟ್ಟುತ್ತಲೇ ಪೂರ್ತಿ ಬಂದಿರುವುದಿಲ್ಲ, ಆರೈಕೆಯಲ್ಲಿ ಬಲಿಯುತ್ತದೆ. ಮಾಂಟ್ರಿಯಲ್‌ನ ಮೈಕೆಲ್ ಮೀನಿ ತಂಡದ ಪ್ರಯೋಗಗಳಲ್ಲಿ, ತಾಯಿ ಹೆಚ್ಚು ನೆಕ್ಕಿ ಬೆಳೆಸಿದ ಇಲಿಮರಿಗಳ ಹಿಪೊಕ್ಯಾಂಪಸ್‌ನಲ್ಲಿ ಒತ್ತಡದ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳು ಹೆಚ್ಚಿದ್ದವು, ಹಾಗಾಗಿ ಆ ಮರಿಗಳು ಒತ್ತಡದಲ್ಲೂ ಶಾಂತವಾಗಿದ್ದವು. ಇದು ವಂಶವಾಹಿಯ ಪ್ರಭಾವವಲ್ಲವೇ ಎನ್ನಬಹುದು. ಆದರೆ ಕಡಿಮೆ ನೆಕ್ಕುವ ತಾಯಿಯ ಮರಿಗಳನ್ನು ಹೆಚ್ಚು ನೆಕ್ಕುವವಳ ಗೂಡಿಗೆ ಹಾಕಿದಾಗ ಅವೂ ಸಾಕುತಾಯಿಯ ಮರಿಗಳಂತೆಯೇ ಶಾಂತವಾಗಿ ಬೆಳೆದವು.

ಇಲಿ ಮನುಷ್ಯನಲ್ಲ, ನಿಜ. ಆದರೆ 2000ದ ಆಚೆಗೆ ಬುಖಾರೆಸ್ಟ್‌ನ ಅನಾಥಾಲಯಗಳ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ ಸಾಕುಕುಟುಂಬಗಳಿಗೆ ಕಳಿಸಿದಾಗ ಅವರ ಬುದ್ಧಿಶಕ್ತಿ ಚೇತರಿಸಿತು. ಎರಡು ವರ್ಷ ತುಂಬುವ ಮೊದಲೇ ಮಡಿಲು ಸಿಕ್ಕವರಲ್ಲಿ ಹೆಚ್ಚಾಗಿ. ಅನಾಥಾಲಯದ ಪಾಲಿಗೇ ಬಿದ್ದವರಲ್ಲಿ ಮುಂದೆ ಒತ್ತಡದೆದುರು ಕಾರ್ಟಿಸಾಲ್ ಸರಿಯಾಗಿ ಏರಲೇ ಇಲ್ಲ, ದಣಿದ ಕಾವಲುಗಾರನಂತೆ. ರೋಗನಿರೋಧಕ ವ್ಯವಸ್ಥೆಯೂ ಬಾಲ್ಯದ ಕಷ್ಟವನ್ನು ಮರೆಯುವುದಿಲ್ಲ: ನ್ಯೂಜಿಲೆಂಡಿನ ಡ್ಯುನೆಡಿನ್ ಅಧ್ಯಯನದಲ್ಲಿ, ಬಾಲ್ಯದಲ್ಲಿ ದೌರ್ಜನ್ಯ ಕಂಡವರ ರಕ್ತದಲ್ಲಿ 32ನೇ ವಯಸ್ಸಿನಲ್ಲೂ ಉರಿಯೂತದ ಗುರುತುಗಳು ಹೆಚ್ಚಿದ್ದವು. ಹಾಗೆಂದು ತಾಯಂದಿರನ್ನು ದೂರುವುದು ಅನ್ಯಾಯ. ಮಗುವನ್ನು ಎತ್ತಿಕೊಳ್ಳಲು ಬಿಡುವು ಬೇಕು, ಬಿಡುವಿಗೆ ಆಸರೆ ಬೇಕು. ನಮ್ಮ ಕಾನೂನಿನಲ್ಲಿ 26 ವಾರಗಳ ಹೆರಿಗೆ ರಜೆಯಿದೆ. ದಿನಗೂಲಿಗೆ ಹೋಗುವ ಹೆಚ್ಚಿನ ತಾಯಂದಿರಿಗೆ ಅದು ಸಿಗುವುದಿಲ್ಲ.