ಹಳೆಯ ಟರ್ಬೋ ಮೋಟಾರು ಬಂಡಿಯು ವೇಗವೇರುವಾಗ ತಡವರಿಸುವುದಕ್ಕೆ ಕಾರಣಗಳೂ ಪರೀಕ್ಷಾಕ್ರಮವೂ

ಹಾಸನದಿಂದ ಬೇಲೂರಿಗೆ ಹೋಗುವ ಮಾರ್ಗದ ಸಮೀಪದಲ್ಲಿರುವ ದೊಡ್ಡಗದ್ದವಳ್ಳಿಯೂ ಅದರ ಸುತ್ತಣ ಗ್ರಾಮಗಳೂ ಆಲೂಗೆಡ್ಡೆ, ಶುಂಠಿ, ರಾಗಿ, ಜೋಳಗಳನ್ನು ಬೆಳೆಯುವ ಸೀಮೆಯಾಗಿರುವುವು. ಇಲ್ಲಿನ ಭೂಮಾಲಿಕರಲ್ಲಿ ಅನೇಕರು ಬಿತ್ತನೆಗೆಡ್ಡೆಯನ್ನೂ ಗೊಬ್ಬರವನ್ನೂ ತರುವುದಕ್ಕೆ ಟರ್ಬೋ ಡೀಸೆಲ್ ಎಂಜಿನುಳ್ಳ ಹಳೆಯ ಜೀಪನ್ನೋ ಕಾರನ್ನೋ ಇಟ್ಟುಕೊಂಡಿರುತ್ತಾರೆ. ಆದಕಾರಣ ಅದರ ರೋಗಲಕ್ಷಣಗಳನ್ನು ಎತ್ತಿನ ರೋಗಲಕ್ಷಣಗಳಂತೆಯೇ ಮಾಲಿಕರು ತಿಳಿದಿರತಕ್ಕದ್ದು.

ಈ ಊರಿನ ಭೂಮಾಲಿಕರೊಬ್ಬರು ಮಂಗಳೂರಿನಿಂದ ಹಿಂದಿರುಗುತ್ತ, ಶಿರಾಡಿ ಘಾಟಿಯ ಏರಿನಲ್ಲಿ ಲಾರಿಯೊಂದನ್ನು ದಾಟಲೆಂದು ಆಕ್ಸಿಲೇಟರನ್ನು ಪೂರ್ತಿಯಾಗಿ ಒತ್ತಿದರು. ಬಂಡಿಯು ಮುಂದಕ್ಕೆ ಹಾರುವುದಕ್ಕೆ ಬದಲಾಗಿ ಕ್ಷಣಕಾಲ ಸೊರಗಿ ನಿಂತಂತಾಯಿತು. ಎದುರಿಗೆ ಬಸ್ಸು ಬರುತ್ತಿದ್ದಿತು. ದೈವಾನುಗ್ರಹದಿಂದ ಲಾರಿಯ ಹಿಂದಕ್ಕೆ ಸರಿದು ಪಾರಾದರು. ದುರಸ್ತಿಯ ಅಂಗಡಿಯೊಂದರಲ್ಲಿ ವಿಚಾರಿಸಲಾಗಿ, ಟರ್ಬೋ ಕೆಟ್ಟಿದೆಯೆಂದೂ ಹೊಸದನ್ನು ಹಾಕಿಸಬೇಕೆಂದೂ ಹೇಳಿದರು. ಆದರೆ ಕ್ರಮವಾಗಿ ಪರೀಕ್ಷಿಸಲಾಗಿ ಟರ್ಬೋ ಚೆನ್ನಾಗಿಯೇ ಇದ್ದು, ಅದರಿಂದ ಹೊರಡುವ ರಬ್ಬರು ಕೊಳವೆಯ ಕೆಳಮೈ ಸೀಳಿದ್ದುದು ಕಂಡುಬಂದಿತು. ಸಾವಿರಾರು ರೂಪಾಯಿಗಳ ವೆಚ್ಚವು ಒಂದು ಕೊಳವೆಯ ಬೆಲೆಯಲ್ಲಿಯೇ ತೀರಿತು. ಎತ್ತು ನೊಗಕ್ಕೆ ಹೆಗಲು ಕೊಡದಿದ್ದರೆ ಮೊದಲು ಹೆಗಲಿನ ಹುಣ್ಣನ್ನೂ ಗೊರಸನ್ನೂ ನೋಡುವೆವಲ್ಲದೆ ಒಡನೆಯೇ ಎತ್ತನ್ನು ಮಾರುವುದಿಲ್ಲವಷ್ಟೆ.

ಟರ್ಬೋ ಎಂಬುದರ ಕೆಲಸ

ಒಂದು ಲೀಟರು ಡೀಸೆಲ್ ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 10,000 ಲೀಟರು ಗಾಳಿ ಬೇಕಾಗುವುದು. ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರು ಎತ್ತರದಲ್ಲಿರುವ ಹಾಸನದಲ್ಲಿ ಗಾಳಿಯು ಸುಮಾರು ಹತ್ತರಲ್ಲೊಂದು ಪಾಲು ತೆಳುವಾಗಿರುವುದರಿಂದ ಇನ್ನೂ ಹೆಚ್ಚು ಬೇಕು. ಎಂಜಿನಿನಿಂದ ಹೊರಬೀಳುವ ಬಿಸಿಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಗಾಳಿಯನ್ನು ಅದುಮಿ ಒಳಕ್ಕೆ ನೂಕುವ ಯಂತ್ರವೇ ಟರ್ಬೋ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ ಎಂಬ ಎಂಜಿನಿಯರು 1905ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಈ ಚಕ್ರಗಳು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವುದುಂಟು.

ಹೊಗೆಯು ಸಾಲದಿದ್ದಾಗ ಟರ್ಬೋ ಬಲವಾಗಿ ತಿರುಗಲಾರದು. ಎಂಜಿನು ನಿಮಿಷಕ್ಕೆ ಸುಮಾರು 1,500 ಸುತ್ತುಗಳಿಗಿಂತ ಕಡಮೆಯಾಗಿ ಓಡುತ್ತಿರುವಾಗ ಸ್ವಲ್ಪ ತಡವಾಗುವುದು ಸಹಜವೇ ಹೊರತು ರೋಗವಲ್ಲ. ಗೇರನ್ನು ಒಂದು ಮೆಟ್ಟಿಲು ಇಳಿಸಿದರೆ ಸರಿಹೋಗುವುದು. ಗೇರನ್ನು ಇಳಿಸಿದ ಮೇಲೂ ತಡವರಿಸಿದರೆ ಮಾತ್ರ ದೋಷವಿದೆಯೆಂದು ತಿಳಿಯತಕ್ಕದ್ದು.

ಹೊಗೆಯ ಬಣ್ಣದಿಂದ ನಿರ್ಣಯ

ಜನಸಂಚಾರವಿಲ್ಲದ ನೇರವಾದ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ಬಂಡಿಯನ್ನು ರಭಸವಾಗಿ ಓಡಿಸಿ, ಹಿಂದಿನ ಹೊಗೆಯನ್ನು ಇನ್ನೊಬ್ಬರಿಂದ ನೋಡಿಸಬೇಕು.

ಕಪ್ಪುಹೊಗೆಯು ದಟ್ಟವಾಗಿ ಬಂದು ಬಲ ಕುಂದಿದರೆ ಡೀಸೆಲ್ ಇದೆ, ಗಾಳಿ ಸಾಲದು ಎಂದರ್ಥ. ಹೊಗೆಯೇ ಇಲ್ಲದೆ ಬಲ ಕುಂದಿದರೆ ಡೀಸೆಲೇ ಸಾಲದೆಂದು ಮೊದಲು ಶಂಕಿಸಬೇಕು. ನೀಲಿಹೊಗೆಯು ಎಂಜಿನ್ ಎಣ್ಣೆ ಉರಿಯುತ್ತಿರುವುದರ ಗುರುತು. ಇದು ಒಮ್ಮೆಗೇ ಹೆಚ್ಚಾಗಿ ಕಂಡರೆ ಬಂಡಿಯನ್ನು ಓಡಿಸಲೇಬಾರದು; ಡೀಸೆಲ್ ಎಂಜಿನು ಸೋರಿದ ಎಣ್ಣೆಯನ್ನೇ ಕುಡಿದು, ಕೀಲಿಯನ್ನು ತಿರುಗಿಸಿದರೂ ನಿಲ್ಲದೆ ಓಡಿ ಒಡೆದುಹೋಗುವ ಅಪಾಯವುಂಟು.

ಗಾಳಿ ಸಾಲದಿದ್ದಾಗ ನೋಡತಕ್ಕವು

1. ಏರ್ ಫಿಲ್ಟರು: ನಮ್ಮ ಕಡೆ ರಾಗಿ, ಹುರುಳಿಗಳನ್ನು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುವ ರೂಢಿಯಿಂದ ಹೊಟ್ಟೂ ದೂಳೂ ಇದರಲ್ಲಿ ಬೇಗನೆ ತುಂಬಿಕೊಳ್ಳುವುವು. ಸುಗ್ಗಿ ಮುಗಿದೊಡನೆ ಇದನ್ನು ತೆಗೆದು ನೋಡುವುದು ಉತ್ತಮ. ಫಿಲ್ಟರನ್ನೇ ತೆಗೆದುಹಾಕಿ ಬಂಡಿ ಓಡಿಸಿ ಪರೀಕ್ಷಿಸುವುದು ತಪ್ಪು. ಒಂದು ಕಲ್ಲುಹರಳು ಒಳಹೋದರೂ ಟರ್ಬೋವಿನ ಚಕ್ರ ಮುರಿಯುವುದು.

2. ಕೊಳವೆಗಳು: ಟರ್ಬೋವಿನಿಂದ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನಿಗೂ ಹೋಗುವ ರಬ್ಬರು ಕೊಳವೆಗಳನ್ನು ಎಂಜಿನು ಆರಿದ ಮೇಲೆ ಬಗ್ಗಿಸಿ ಕೆಳಮೈಯನ್ನೂ ನೋಡಬೇಕು. ಸೀಳು ನಿಂತ ಬಂಡಿಯಲ್ಲಿ ಮುಚ್ಚಿಕೊಂಡಿದ್ದು, ಒತ್ತಡ ಬಂದಾಗ ಮಾತ್ರ ಬಾಯಿ ತೆರೆಯುವುದುಂಟು. ವೇಗವೇರುವಾಗ ಹೊಸದಾಗಿ ಬುಸುಗುಟ್ಟುವ ಸದ್ದು, ಕೊಳವೆಯ ಸಂದಿನಲ್ಲಿ ಎಣ್ಣೆಯ ಜಿಡ್ಡು ಇವೇ ಗುರುತುಗಳು. ಕಣಜದ ಬಳಿ ನಿಲ್ಲಿಸುವ ಬಂಡಿಗಳಲ್ಲಿ ಇಲಿಗಳು ಕೊಳವೆಯನ್ನು ಕಡಿಯುವುದೂ ಉಂಟು. ಕಣ್ಣಿಗೆ ಕಾಣದಿದ್ದರೆ, ಕೊಳವೆಗೆ ಹಗುರವಾಗಿ ಗಾಳಿ ತುಂಬಿಸಿ ಸಾಬೂನಿನ ನೀರು ಬಳಿದು ನೊರೆಯೇಳುವ ಸ್ಥಳವನ್ನು ಗುರುತಿಸಿಕೊಡುವಂತೆ ಮೆಕ್ಯಾನಿಕ್ಕಿಗೆ ಹೇಳಬೇಕು.

3. ಒತ್ತಡ ಮಿತಿಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಎಂಬ ಕಿರುಬಾಗಿಲು ತೆರೆದೇ ಸಿಕ್ಕಿಕೊಂಡಿದ್ದರೆ ಟರ್ಬೋವಿಗೆ ಬಲ ಬಾರದು. ಅದನ್ನು ಆಡಿಸುವ ಸಣ್ಣ ಕೊಳವೆಗಳೂ ವರ್ಷಗಳು ಕಳೆದಂತೆ ಬಿರಿಯುವುವು.

4. ಹೊಗೆಯ ಒಂದು ಪಾಲನ್ನು ಮರಳಿ ಒಳಕ್ಕೆ ಬಿಡುವ ಇ.ಜಿ.ಆರ್. ವಾಲ್ವು ಮಸಿ ಕಟ್ಟಿ ಮುಚ್ಚದೆ ಉಳಿದರೆ, ಗಾಳಿಯ ಸ್ಥಳವನ್ನು ಹೊಗೆಯೇ ಆಕ್ರಮಿಸುವುದು. ಇದನ್ನು ಶುಚಿಮಾಡಿಸಬೇಕು.

ಡೀಸೆಲ್ ಸಾಲದಿದ್ದಾಗ ನೋಡತಕ್ಕವು

ಡೀಸೆಲ್ ಫಿಲ್ಟರು ಕಟ್ಟಿಕೊಂಡಿದ್ದರೆ ನಿಧಾನವಾಗಿ ಹೋಗುವಾಗ ಏನೂ ತಿಳಿಯದು. ಭಾರ ಹೊತ್ತು ಏರು ಹತ್ತುವಾಗ ಮಾತ್ರ ಕೊರತೆ ಕಾಣುವುದು. ಪಂಪುಸೆಟ್ಟಿಗೆಂದು ಪೀಪಾಯಿಯಲ್ಲಿಟ್ಟ ಡೀಸೆಲನ್ನು ಬಂಡಿಗೆ ತುಂಬುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮಳೆಗಾಲದಲ್ಲಿ ಪೀಪಾಯಿಯ ತಳದಲ್ಲಿ ನೀರು ನಿಲ್ಲುವುದು. ಫಿಲ್ಟರಿನ ಕೆಳಗಿನ ತಿರುಪನ್ನು ಸಡಿಲಿಸಿ ಗಾಜಿನ ಪಾತ್ರೆಯಲ್ಲಿ ಹಿಡಿದರೆ ನೀರು ಕೆಳಗೆ ಬೇರೆಯಾಗಿ ನಿಲ್ಲುವುದು. ಬೆಳಿಗ್ಗೆ ಎಂಜಿನು ಹೊರಡಲು ಬಹಳ ಹೊತ್ತು ಹಿಡಿದರೆ ಡೀಸೆಲ್ ಕೊಳವೆಯಲ್ಲಿ ಎಲ್ಲಿಯೋ ಗಾಳಿ ಸೇರುತ್ತಿದೆಯೆಂದು ಊಹಿಸಬಹುದು.

ಪೆಟ್ರೋಲ್ ಟರ್ಬೋ ಕಾರುಗಳಲ್ಲಿ ಇನ್ನೊಂದು ಕಾರಣವುಂಟು. ಒಳಗೆ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟವಾಗುವುದರಿಂದ, ಸವೆದ ಸ್ಪಾರ್ಕ್ ಪ್ಲಗ್ಗೂ ದುರ್ಬಲವಾದ ಕಾಯಿಲೂ ಸಾಮಾನ್ಯ ವೇಗದಲ್ಲಿ ಸರಿಯಾಗಿದ್ದು ರಭಸದಲ್ಲಿ ಮಾತ್ರ ಕೈಕೊಡುವುವು. ಆಗ ಬಂಡಿಯು ಜಗ್ಗಿಜಗ್ಗಿ ಓಡುವುದು.

ಟರ್ಬೋವಿನ ಪರೀಕ್ಷೆ ಕೊನೆಗೆ

ಮೇಲಿನವೆಲ್ಲ ಸರಿಯಾಗಿದ್ದರೆ ಮಾತ್ರ ಟರ್ಬೋವನ್ನು ನೋಡಬೇಕು. ಎಂಜಿನು ನಿಂತು ಪೂರ್ತಿಯಾಗಿ ಆರಿದ ಮೇಲೆ ಗಾಳಿಯ ಕೊಳವೆಯನ್ನು ಬಿಚ್ಚಿ ಚಕ್ರವನ್ನು ಬೆರಳಿನಿಂದ ತಿರುಗಿಸಬೇಕು. ಅತ್ತಿತ್ತ ಸ್ವಲ್ಪ ಅಲುಗುವುದು ಸಹಜ. ಹಿಂದಕ್ಕೂ ಮುಂದಕ್ಕೂ ಕೈಗೆ ತಿಳಿಯುವಷ್ಟು ಜಗ್ಗಿದರೆ, ಅಲಗುಗಳು ಗೋಡೆಗೆ ಉಜ್ಜಿದ್ದರೆ ಅಥವಾ ಮುರಿದಿದ್ದರೆ ಟರ್ಬೋ ಕೆಟ್ಟಿದೆಯೆಂದು ನಿಶ್ಚಯಿಸಬಹುದು. ಎಂಜಿನು ಓಡುತ್ತಿರುವಾಗ ಅಲ್ಲಿಗೆ ಕೈಯನ್ನಾಗಲಿ ಬಟ್ಟೆಯನ್ನಾಗಲಿ ಒಯ್ಯಲೇಕೂಡದು.

ಟರ್ಬೋ ಬಹುಕಾಲ ಬಾಳಬೇಕಾದರೆ ಎಂಜಿನ್ ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸಿ, ದೊಡ್ಡ ಏರನ್ನು ಹತ್ತಿ ಬಂದೊಡನೆ ಎಂಜಿನನ್ನು ನಿಲ್ಲಿಸದೆ ಒಂದೆರಡು ನಿಮಿಷ ನಿಧಾನವಾಗಿ ಓಡಲು ಬಿಡಬೇಕು.

ಗ್ರಾಮದ ಮುಖಂಡರು ಈ ಕ್ರಮವನ್ನು ತಮ್ಮ ಊರಿನ ಬಂಡಿಯವರಿಗೆ ತಿಳಿಯಹೇಳಬೇಕೆಂದು ಕೋರುತ್ತೇನೆ. ತಡವರಿಸುವ ಬಂಡಿಯ ದೋಷವು ತಿಳಿದು ಸರಿಯಾಗುವವರೆಗೆ ಯಾರೂ ಘಾಟಿಯಲ್ಲಿ ಇನ್ನೊಂದು ಬಂಡಿಯನ್ನು ದಾಟಲು ಹೋಗಕೂಡದು. ಕೊಳವೆಯನ್ನು ನಾಳೆ ಕೊಳ್ಳಬಹುದು. ಹೋದ ಪ್ರಾಣವನ್ನು ಕೊಳ್ಳಲಾಗದು.