ದಾರಿಯಲ್ಲೇ ಇಂಗಿಹೋಗುವ ಮಾತು

2019ರ ಆಗಸ್ಟ್. ನಾಗರ ಪಂಚಮಿಯ ಜೋಕಾಲಿ ಕಟ್ಟುವ ಹೊತ್ತಿಗೆ ಕೃಷ್ಣೆ ದಡ ಮೀರಿದ್ದಳು. ದೂಧಗಂಗಾ, ವೇದಗಂಗಾ ನದಿಗಳೂ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹೊಳೆದಂಡೆಯ ಊರುಗಳು ನೀರಿನಲ್ಲಿ ನಿಂತವು. ನಿಪ್ಪಾಣಿ ಬಳಿ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದ್ ಆಯಿತು. 2021ರ ಜುಲೈನಲ್ಲಿ ನೆರೆ ಮತ್ತೆ ಬಂತು.

ಇಂಥ ವೇಳೆ ವಿದ್ಯುತ್ ಕೈಕೊಟ್ಟರೆ ಮೊಬೈಲ್ ಗೋಪುರಗಳೂ ಬ್ಯಾಟರಿ, ಡೀಸೆಲ್ ಮುಗಿದೊಡನೆ ಮೂಕವಾಗುತ್ತವೆ. ಆಗ ನೆನಪಾಗುವುದು ಹ್ಯಾಮ್ ರೇಡಿಯೊ. 2004ರ ಸುನಾಮಿಯ ದಿನಗಳಲ್ಲಿ ಪೋರ್ಟ್ ಬ್ಲೇರ್‌ನಿಂದ ಸುದ್ದಿ ದಾಟಿಸಿದವರು ಭಾರತಿ ಪ್ರಸಾದ್ ಮತ್ತು ಅವರ ಹ್ಯಾಮ್ ಸಂಗಾತಿಗಳು. ಆದರೆ ಪರವಾನಗಿ ಪಡೆದು ದುಬಾರಿ ರೇಡಿಯೊ ತಂದಿಟ್ಟ ಮಾತ್ರಕ್ಕೆ ಮಾತು ಹೊಳೆ ದಾಟೀತೆ?

ಮೊದಲನೆಯ ಗುಟ್ಟು ಅನುರಣನ. ಪಂಚಮಿಯ ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ನೂಕಿಗೂ ಮುಗಿಲಿಗೇರುತ್ತದೆ. ಆಂಟೆನಾ ತಂತಿಯೂ ಹಾಗೆಯೇ. 7.1 ಮೆಗಾಹರ್ಟ್ಸ್‌ಗೆ ಅರ್ಧ ತರಂಗದ ತಂತಿ ಸುಮಾರು 20 ಮೀಟರ್. ನಡುವೆ ಕೇಬಲ್ ಸೇರಿಸಿ ಎರಡೂ ಕಡೆ ಹತ್ತು ಹತ್ತು ಮೀಟರ್ ಎಳೆದರಾಯಿತು.

ಎರಡನೆಯದು ಹೊಂದಾಣಿಕೆ. ರೇಡಿಯೊ ಮತ್ತು ಕೇಬಲ್ಲಿನ ಇಂಪೀಡೆನ್ಸ್ ಸಾಮಾನ್ಯವಾಗಿ 50 ಓಮ್. ನೆಲದಿಂದ ಬಹುದೂರವಿರುವ ಅರ್ಧ ತರಂಗದ ತಂತಿಯದು ಸುಮಾರು 73. ನೆಲಕ್ಕೆ ಹತ್ತಿರವಾದರೆ ಇದು ಬದಲಾಗುತ್ತದೆ. ಈ ಅಂತರವನ್ನು ಎಸ್‌ಡಬ್ಲ್ಯುಆರ್ ಮೀಟರ್ ತೋರಿಸುತ್ತದೆ. ಮೀಟರ್ 1 ಎಂದರೆ ಪೂರ್ಣ ಹೊಂದಾಣಿಕೆ; 2 ಎಂದರೆ ನೂರಕ್ಕೆ 11ರಷ್ಟು, 3 ಎಂದರೆ 25ರಷ್ಟು ಶಕ್ತಿ ಆಂಟೆನಾದಿಂದ ಹಿಂದಿರುಗುತ್ತದೆ. ತೀರಾ ಕೆಟ್ಟರೆ ಇಂದಿನ ಬಹುತೇಕ ರೇಡಿಯೊಗಳು ತಮ್ಮ ರಕ್ಷಣೆಗಾಗಿ ಶಕ್ತಿಯನ್ನೇ ಕುಗ್ಗಿಸಿಕೊಳ್ಳುತ್ತವೆ.

ಮೂರನೆಯದು ದಾರಿಯ ನಷ್ಟ. ಇದನ್ನು ಕೃಷ್ಣಾ ತೀರದ ರೈತರಿಗೆ ಹೇಳಿಕೊಡಬೇಕಿಲ್ಲ. ಹೊಳೆಯ ಪಂಪು ಎಷ್ಟೇ ಗರ್ಜಿಸಲಿ, ದೂರದ ಕಬ್ಬಿನ ಹೊಲಕ್ಕೆ ಸಣ್ಣ ಪೈಪು ಹಾಕಿದರೆ ಕೊನೆಗೆ ಬರುವುದು ಸಣ್ಣ ಧಾರೆ. ತೆಳ್ಳನೆಯ ಆರ್‌ಜಿ-58 ಕೇಬಲ್ 30 ಮೀಟರ್ ಇದ್ದರೆ 7 ಮೆಗಾಹರ್ಟ್ಸ್‌ನಲ್ಲಿ 50 ವಾಟ್‌ಗೆ ಸುಮಾರು 38 ವಾಟ್ ಮೇಲೇರುತ್ತದೆ. ಅದೇ ಕೇಬಲ್ಲಿನಲ್ಲಿ 145 ಮೆಗಾಹರ್ಟ್ಸ್‌ಗೆ ಹೋದರೆ ತಲುಪುವುದು ಹನ್ನೆರಡೇ ವಾಟ್! ಉಳಿದದ್ದು ಕೇಬಲ್ ಕಾಯಿಸುತ್ತದೆ. ದಪ್ಪನೆಯ ಆರ್‌ಜಿ-213 ಆದರೆ ಅರ್ಧಕ್ಕಿಂತ ತುಸು ಹೆಚ್ಚು ತಲುಪೀತು. ಬ್ಯಾಟರಿಯ ಒಂದೊಂದು ವಾಟೂ ಬಂಗಾರವಾದ ನೆರೆಯ ರಾತ್ರಿ ಇದು ಸಣ್ಣ ಮಾತಲ್ಲ.

ವಿಚಿತ್ರವೆಂದರೆ, ಈ ನಷ್ಟವನ್ನು ಮೀಟರ್ ಮುಚ್ಚಿಡುತ್ತದೆ. ಹಿಂದಿರುಗುವ ಶಕ್ತಿಯೂ ಅದೇ ಕೇಬಲ್ಲಿನಲ್ಲಿ ಇಂಗುವುದರಿಂದ ಕೆಳಗಿನ ಮೀಟರಿಗೆ ಕಾಣುವುದು ಅತ್ಯಲ್ಪ. ಮೇಲಿನ ಲೆಕ್ಕದ ಹನ್ನೆರಡು ವಾಟಿನ ಕೇಬಲ್ಲಿನ ತುದಿಯಿಂದ ಆಂಟೆನಾ ಕಳಚಿ ಬಿದ್ದಿದ್ದರೂ ರೇಡಿಯೊದ ಬಳಿಯ ಮೀಟರ್ ಸುಮಾರು 1.7 ತೋರಿಸುತ್ತದೆ. ‘ಎಲ್ಲ ಚೆನ್ನಾಗಿದೆ’ ಎಂದು ನಂಬಿದವರು ಗಾಳಿಗೆ ಏನನ್ನೂ ಕಳಿಸುತ್ತಿರುವುದಿಲ್ಲ.

ಮಳೆನೀರು ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಸರಿಯಾಗಿ ಮುಚ್ಚದ ಕನೆಕ್ಟರ್ ಮೂಲಕ ನೀರು ಒಳಸೇರಿದರೆ ನಷ್ಟ ಏರುತ್ತದೆ, ಮೀಟರ್ ಇನ್ನಷ್ಟು ‘ಒಳ್ಳೆಯದು’ ಹೇಳಬಹುದು. ಆದ್ದರಿಂದ ಕೇಬಲ್ಲಿನ ಮೇಲ್ತುದಿಗೆ 50 ಓಮ್‌ನ ಡಮ್ಮಿ ಲೋಡ್ ಕಟ್ಟಿ, ಅಲ್ಲಿಗೆ ಎಷ್ಟು ವಾಟ್ ಬಂತೆಂದು ಅಳೆಯುವುದೇ ಖಚಿತ ಪರೀಕ್ಷೆ. ಕೀಲುಗಳನ್ನು ಟೇಪಿನಿಂದ ಬಿಗಿಯಾಗಿ ಸುತ್ತಬೇಕು, ಹಳೆಯ ಕೇಬಲ್ ಬದಲಿಸಬೇಕು.

ಈ ಕೆಲಸಕ್ಕೆ ಹೊತ್ತು ಬೇಸಿಗೆ, ಮೃಗಶಿರಾ ಮಳೆ ಬೀಳುವ ಮುನ್ನ. ಕೃಷ್ಣೆ ಮನೆ ಬಾಗಿಲಿಗೆ ಬಂದ ಮೇಲೆ ಕಂಬ ಹತ್ತುವುದು ಆಗದ ಮಾತು.